ಕಲ್ಲಂಗಡಿ ಕೆಂಪಾದ ವರ್ಷ

ಠಣ್.

ಇಷ್ಟೇ ಸದ್ದು. ಮದುವೆಯಾಗಿ ಶಹಾಬಾದಿಗೆ ಬಂದ ಹೊಸದರಲ್ಲಿ ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದುದು ಕೋಳಿಯಲ್ಲ, ಅಲಾರ್ಮ್ ಅಲ್ಲ, ಅತ್ತೆಯವರಂತೂ ಅಲ್ಲವೇ ಅಲ್ಲ. ಅಂಗಳದಲ್ಲಿ ಗೋಡೆಗೆ ಒರಗಿಸಿಟ್ಟ, ನೆಲಕ್ಕೆ ಅಟ್ಟಕ್ಕೆ ಹಾಸುವ ಫರಸಿ ಕಲ್ಲುಗಳ ಮೇಲೆ ಒಂದು ಪುಟ್ಟ ಸುತ್ತಿಗೆ ಬೀಳುವ ಸದ್ದು. ಠಣ್, ಠಣ್, ಠಣ್. ನಡುವೆ ಎಲ್ಲೋ ಒಂದು ಡಬ್. ಡಬ್ ಅಂದ ಕೂಡಲೇ ನಮ್ಮ ಮನೆಯವರ ದನಿ ಕೇಳುತ್ತಿತ್ತು: "ಇದನ್ನ ಬಾಜೂಕ ಇಡ್ರೋ, ಒಳಗ ಒಡದದ." ನಾನು ಓಡಿಹೋಗಿ ನೋಡಿದರೆ ಕಲ್ಲಿನ ಮೈಮೇಲೆ ಒಂದು ಗೀರೂ ಇರುತ್ತಿರಲಿಲ್ಲ. ಠಣ್ ಎಂದದ್ದು ಗಟ್ಟಿ, ಡಬ್ ಎಂದದ್ದರ ಹೊಟ್ಟೆಯಲ್ಲಿ ಬಿರುಕು. ಕಲ್ಲನ್ನು ಒಡೆಯದೆ ಅದರ ಒಳಗನ್ನು ಓದುವ ಈ ವಿದ್ಯೆಗಾಗಿ ಸೇಡಂ, ಚಿಂಚೋಳಿ ಕಡೆಯವರು ಕೂಡ ನಮ್ಮ ಮನೆಯವರನ್ನು ಹುಡುಕಿಕೊಂಡು ಬರುತ್ತಿದ್ದರು. ಶರಣಪ್ಪನ ಕಿವಿ ಎಂದರೆ ನಮ್ಮ ಕಡೆ ಕಲ್ಲಿನ ವ್ಯಾಪಾರದಲ್ಲಿ ಸರ್ಟಿಫಿಕೇಟ್ ಇದ್ದ ಹಾಗೆ.

ಮದುವೆಯಾಗಿ ಮೊದಲ ಬೇಸಿಗೆಯಲ್ಲೇ ನನಗೆ ಇನ್ನೊಂದು ಸಂಗತಿ ತಿಳಿಯಿತು. ಅವರು ಕಲ್ಲಂಗಡಿ ಹಣ್ಣನ್ನೂ ಅದೇ ಕಿವಿಯಿಂದ ಆರಿಸುತ್ತಿದ್ದರು.

ಅಲ್ಲಿಗೆ ಬರುವ ಮೊದಲು ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ನಾನು ಬೆಳೆದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಓದಿದ್ದು ಕಲಬುರಗಿಯ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ನಮಗೆ ನಡೆನುಡಿ ಕಲಿಸುತ್ತಿದ್ದ ಸಿಸ್ಟರ್ ಅಗಥಾ ಒಮ್ಮೆ ಹೇಳಿದ್ದರು: "ಗರ್ಲ್ಸ್, ಎ ಲೇಡಿ ಡಸ್ ನಾಟ್ ಪಿಂಚ್ ದ ಫ್ರೂಟ್." ಹಿಚುಕದೆ ಲೇಡಿಯಾದವಳು ಮತ್ತೇನು ಮಾಡುತ್ತಾಳೆ ಎಂಬುದನ್ನು ಅವರು ಹೇಳಲಿಲ್ಲ. ಹೀಗಾಗಿ ನಾನು ಬಜಾರಿನಲ್ಲಿ ಹಣ್ಣಿನ ಬುಟ್ಟಿಯ ಮುಂದೆ ಕೈಕಟ್ಟಿ ನಿಂತು, "ಇದು ಚಲೋ ಅದೇನ್ರಿ?" ಎಂದು ಮಾರುವವರನ್ನೇ ವಿಚಾರಿಸುತ್ತಿದ್ದೆ. "ಏ-ವನ್ ಅದ ರೀ ಬಾಯೇರ" ಎನ್ನುತ್ತಿದ್ದರು. ಏ-ವನ್ ಅಲ್ಲದ ಹಣ್ಣನ್ನು ಮಾರುವವರನ್ನು ನಾನು ಈ ವಯಸ್ಸಿನವರೆಗೂ ಕಂಡಿಲ್ಲ. ತಿಂದದ್ದು ಮಾತ್ರ ಬಹಳ.

ನಮ್ಮ ಸೀಮೆಯಲ್ಲಿ ಹಣ್ಣಿನ ಅಂತರಂಗ ತಿಳಿಯುವುದಕ್ಕೆ ಊರಿಗೊಂದು ಪದ್ಧತಿ. ಸೇಡಂನ ಹೆಂಗಸರು ಮೂಗಿನವರು. ಮಾವಿನ ತೊಟ್ಟಿನ ಬುಡವನ್ನು ಮೂಗಿಗೆ ಹಿಡಿದು ಒಮ್ಮೆ ಉಸಿರೆಳೆದರೆಂದರೆ ಆ ಹಣ್ಣಿನ ಪರಿಮಳವೆಲ್ಲ ಅಲ್ಲೇ ಖಾಲಿ, ಆಮೇಲೆ ಕೊಂಡವರಿಗೆ ಸಿಪ್ಪೆ ಮತ್ತು ಗೊರಟ. ಚಿತ್ತಾಪುರದ ನಮ್ಮ ಚಿಕ್ಕಮ್ಮ ತೂಕದವಳು. ಎರಡು ಪಪ್ಪಾಯಿಗಳನ್ನು ಎರಡು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ನಿಂತಳೆಂದರೆ ನ್ಯಾಯದೇವತೆಯ ಮೂರ್ತಿಯೇ. ಹಿಂದೆ ಗಿರಾಕಿಗಳ ಸಾಲು ಬೆಳೆಯುತ್ತಿದ್ದರೂ ತೀರ್ಪು ಬರುತ್ತಿರಲಿಲ್ಲ. ಚಿಂಚೋಳಿಯ ಕಡೆ ಕಾಡಿನ ಸೀತಾಫಲ ಬರುತ್ತದಲ್ಲ, ಅದಕ್ಕೆ ಕಣ್ಣು ಅರಳಿದೆಯೇ ಎಂದು ನೋಡಬೇಕು, ನೋಡಿ ಸುಮ್ಮನಿರಬೇಕು. ಆದರೆ ಸುಮ್ಮನಿರುವವರು ಯಾರು? ಒಬ್ಬರು ಒತ್ತಿದರೆ ಇನ್ನೊಬ್ಬರು ಒತ್ತಿ, ಹಣ್ಣು ಮೆತ್ತಗಾಗಿದೆಯೇ ಎಂದು ಪರೀಕ್ಷಿಸಿ ಪರೀಕ್ಷಿಸಿಯೇ ಸಂಜೆಯೊಳಗೆ ಬುಟ್ಟಿ ಪೂರ್ತಿ ಮೆತ್ತಗಾಗಿರುತ್ತದೆ. ಇನ್ನು ನಮ್ಮ ವಾಡಿಯವರದು ಜಂಕ್ಷನ್ ಪದ್ಧತಿ. ರೈಲು ಹೊರಡುವ ಹೊತ್ತಿಗೆ ಕಿಟಕಿಯಿಂದ ಬೆರಳು ತೋರಿಸಿದ್ದೇ ಹಣ್ಣು, ಮುಂದಿನ ಸ್ಟೇಷನ್ನಿನಲ್ಲಿ ತಿಳಿಯುವುದೇ ಹಣೆಬರಹ.

ಮೊನ್ನೆ ಸೊಸೆ ಜ್ಯೋತಿ ಫೋನಿನಲ್ಲಿ ಏನೋ ಓದಿ ಹೇಳಿದಳು. ಈಗ ಹಣ್ಣನ್ನು ಕೊಯ್ಯದೆಯೇ ಅದರ ಸಿಹಿ ಅಳೆಯುವ ಮಷೀನುಗಳು ಬಂದಿವೆಯಂತೆ. ಕಣ್ಣಿಗೆ ಕಾಣದ ಬೆಳಕನ್ನು ಹಣ್ಣಿನೊಳಗೆ ಬಿಟ್ಟು, ಎಷ್ಟು ಒಳಗೇ ಉಳಿಯಿತು, ಎಷ್ಟು ಹೊರಬಂತು ಎಂದು ಲೆಕ್ಕ ಹಾಕಿ ಸಕ್ಕರೆಯ ಅಂದಾಜು ಹೇಳುತ್ತವಂತೆ. ಮೆಲ್ಲಗೆ ತಟ್ಟಿ ಸದ್ದು ಕೇಳುವ ಮಷೀನೂ ಇದೆಯಂತೆ. ಇದಕ್ಕೆಲ್ಲ 'ನಾನ್-ಡಿಸ್ಟ್ರಕ್ಟಿವ್ ಮೆಥಡ್' ಎಂದು ಹೆಸರು. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಇಡೀ ದಿನ ಬಾಯಲ್ಲಿ ಪೆಪ್ಪರ್‌ಮಿಂಟಿನ ಹಾಗೆ ಇಟ್ಟುಕೊಂಡಿದ್ದೆ. ಕಾನ್ವೆಂಟಿನಲ್ಲಿ ನಮ್ಮ ಮೇಲೆ ನಡೆದ ಪರೀಕ್ಷೆಗಳೆಲ್ಲ ಡಿಸ್ಟ್ರಕ್ಟಿವ್ ಮೆಥಡ್ಡೇ ಆಗಿದ್ದವು ಎಂಬುದು ಈಗ ಹೊಳೆಯಿತು.

ಈಗ ನಮ್ಮ ಮನೆಯವರ ಕಲ್ಲಂಗಡಿಗೆ ಬರೋಣ.

ಕಲ್ಲಂಗಡಿಯ ಸಂಗತಿ ಕಲ್ಲಿಗೆ ಪೂರ್ತಿ ಉಲ್ಟಾ. ಬಡಿದರೆ ಠಣ್ ಎಂದು ಗಟ್ಟಿಯಾಗಿ ಉಲಿಯುವುದು ಕಾಯಿ. ಒಳಗೆ ರಸ ತುಂಬಿ ಹಣ್ಣಾದದ್ದು ದಪ್ಪ ದನಿಯಲ್ಲಿ, ಊಟವಾದ ಹೊಟ್ಟೆಯ ಹಾಗೆ, ಡಬ್ ಎನ್ನುತ್ತದೆ. ಇದು ಊರಿಗೆಲ್ಲ ಗೊತ್ತು. ಆದರೆ ಹುಟ್ಟಿದಾಗಿನಿಂದ ಫರಸಿ ಬಡಿದ ಮನುಷ್ಯನಿಗೆ ಡಬ್ ಎಂದರೆ ಡಿಫೆಕ್ಟ್. ಅವರು ಹಣ್ಣಿನ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದೊಂದೇ ಹಣ್ಣಿಗೆ ಬೆರಳ ಗೆಣ್ಣಿನಿಂದ ಬಡಿದು, ಕೆಂಪಗಿನ ಸಿಹಿ ಹಣ್ಣುಗಳನ್ನೆಲ್ಲ "ಒಡದ ಮಾಲು" ಎಂದು ಪಕ್ಕಕ್ಕೆ ಸರಿಸಿ, ಇಡೀ ಗಾಡಿಯಲ್ಲಿದ್ದ ಅತಿ ಬೆಳ್ಳಗಿನ, ಅತಿ ಸಪ್ಪೆಯ ಕಾಯಿಯನ್ನು ಗೆದ್ದುಕೊಂಡು ಮನೆಗೆ ತರುತ್ತಿದ್ದರು. ಗಾಡಿಯವರಿಗೆ ಅವರನ್ನು ಕಂಡರೆ ಹಬ್ಬ. ಬೇರೆ ಯಾರಿಗೂ ಹೋಗದ ಕಾಯಿಗಳನ್ನು ಅವರಿಗೆಂದೇ ಮುಂದೆ ಇಡುತ್ತಿದ್ದರು.

ಕೊಯ್ದಾಗ ಒಳಗೆಲ್ಲ ತೆಳು ಗುಲಾಬಿ, ಬೀಜಗಳೂ ಬೆಳ್ಳಗೆ. ಹೊಸ ಸೊಸೆ ನಾನು ಬಾಯಿ ತೆರೆದೆ. ಅತ್ತೆಯವರು ಕಣ್ಣಲ್ಲೇ ಮುಚ್ಚಿಸಿ, ಆಮೇಲೆ ಒಳಗೆ ಕರೆದು ಹೇಳಿದರು: "ಯವ್ವಾ, ಗಂಡಸಿಗಿ ಒಂದು ಕಿವಿ ಅಂತ ಹೆಸರಾಗ್ಯಾದ. ಹಣ್ಣಿನ ಸಲುವಾಗಿ ಹೆಸರು ಕಳೀಬ್ಯಾಡ. ಉಪ್ಪು ಖಾರ ಹಚ್ಚಿ ನುಂಗು."

ನುಂಗಿದೆ. ಅವರು ಮಾತ್ರ ತೃಪ್ತಿಯಿಂದ ಕರಕರ ಅಗಿಯುತ್ತಿದ್ದರು. ಒಮ್ಮೆ ಯಾರದೋ ಮನೆಯಲ್ಲಿ ಚೆನ್ನಾಗಿ ಕಳಿತ ಹಣ್ಣು ಕೊಟ್ಟರು; ನಡುವೆ ತುಸು ಬಿರಿದಿತ್ತು. ಅವರು ಹೋಳನ್ನು ನನ್ನ ಮುಂದೆ ಹಿಡಿದು, "ನೋಡು, ನಾ ಹೇಳಿದ್ದಿಲ್ಲಾ? ಒಳಗ ಬಿರುಕು!" ಎಂದು ಪಿಸುಗುಟ್ಟಿದರು. ಇಂಥ ಲಾಜಿಕ್ಕಿನ ಮುಂದೆ ಯಾವ ಕಾನ್ವೆಂಟು ಏನು ಮಾಡೀತು?

ಇಷ್ಟೇ ಆಗಿದ್ದರೆ ಮನೆಯೊಳಗಿನ ಮಾತು. ಆದರೆ ವರ್ಷಕ್ಕೊಮ್ಮೆ ಈ ಕಲ್ಲಂಗಡಿ ನಮ್ಮ ಹೊಸ್ತಿಲು ದಾಟುತ್ತಿತ್ತು. ನಮ್ಮವರ ವ್ಯಾಪಾರದ ಪಾರ್ಟನರ್ ಮಹಬೂಬ್ ಭಾಯಿ. ಕಲ್ಲು ಆರಿಸುವುದು ಇವರು, ಪಾಲಿಶ್ ಮಾಡಿಸುವುದು ಅವರು; ಇಬ್ಬರಿಗೂ ಮೀಸೆ ಮೂಡುವ ಮೊದಲಿನ ಸ್ನೇಹ. ಪ್ರತಿ ರಂಜಾನಿನಲ್ಲಿ ಇಫ್ತಾರಿಗೆಂದು ನಮ್ಮ ಮನೆಯಿಂದ ಅವರ ಮನೆಗೆ ಕಲ್ಲಂಗಡಿ ಹೋಗಬೇಕು, ಅದನ್ನು ನಮ್ಮವರೇ ಸ್ವತಃ ಆರಿಸಬೇಕು. ಮರುದಿನ ಮಹಬೂಬ್ ಭಾಯಿ ಅಂಗಡಿಗೆ ಬಂದು ಕೈಹಿಡಿದು ಹೇಳುತ್ತಿದ್ದರು: "ವಾಹ್ ಶರಣು, ಏನ್ ಹಣ್ಣಪ್ಪಾ! ದಿಲ್ ಥಂಡಾ ಆತು."

ಅವರ ಹೆಂಡತಿ ಬಿಲ್ಕೀಸ್ ಆಪಾ ನನಗೆ ಬಹಳ ತಡವಾಗಿ ನಿಜ ಹೇಳಿದರು. ನಮ್ಮ ಹಣ್ಣು ಬಂದ ಕೂಡಲೇ ಅವರ ಮನೆಯಲ್ಲಿ ಅದನ್ನು ಸೋರೆಕಾಯಿಯ ಬದಲು ದಾಲ್ಚಾಕ್ಕೆ ಹಾಕುತ್ತಿದ್ದರಂತೆ. ಬೇಳೆಯಲ್ಲಿ ಹುಣಸೆಹುಳಿಯೊಂದಿಗೆ ಬಹಳ ಚೆನ್ನಾಗಿ ಬೇಯುತ್ತಿತ್ತಂತೆ. ಮಕ್ಕಳೆಲ್ಲ ಅದಕ್ಕೆ 'ಶರಣು ಚಾಚಾ ದಾಲ್ಚಾ' ಎಂದು ಹೆಸರಿಟ್ಟು ವರ್ಷವಿಡೀ ಕಾಯುತ್ತಿದ್ದರಂತೆ. ನಾವಿಬ್ಬರೂ ಅಂದು ಹಿತ್ತಿಲಲ್ಲಿ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು, ನಗುತ್ತಲೇ ನಾನು ಗುಟ್ಟಾಗಿ ತರಿಸಿದ್ದ ಕೆಂಪು ಕಲ್ಲಂಗಡಿಯನ್ನು ಬೀಜ ಸಮೇತ ಮುಗಿಸಿದ್ದು ನೆನೆದರೆ ಈಗಲೂ ಬಾಯಿ ಸಿಹಿಯಾಗುತ್ತದೆ.

ಹೀಗೆ ಎಲ್ಲರೂ ಸುಖವಾಗಿದ್ದ ಕಾಲದಲ್ಲಿ, ಕೆಲವು ವರ್ಷಗಳ ಹಿಂದಿನ ಒಂದು ರಂಜಾನಿನ ಸಂಜೆ ಬಿಲ್ಕೀಸ್ ಆಪಾ ಫೋನ್ ಮಾಡಿದರು. ದನಿಯಲ್ಲಿ ಗಾಬರಿ.

"ಭಾಬಿ, ಶರಣು ಭಾಯಿ ತಬಿಯತ್ ಬರೋಬರಿ ಅದ ಇಲ್ಲೋ?"

"ಯಾಕ್ರಿ ಆಪಾ, ಛಂದ ಅದಾರಲ್ಲ. ಏನಾತು?"

"ಹಣ್ಣು ಕೊಯ್ದೀವಿ ಭಾಬಿ. ಕೆಂಪಗ ಅದ! ಸಕ್ಕರಿ ಇದ್ದಂಗ ಅದ! ಮಕ್ಕಳು ದಾಲ್ಚಾ ಎಲ್ಲಿ ಅಂತ ಕೇಳಾಕತ್ಯಾರ. ಇವರು ಒಂದು ಹೋಳು ತಿಂದು ತಾಟು ಸರಿಸಿಬಿಟ್ಟಾರ. 'ಶರಣಪ್ಪಗ ಏನೋ ಆಗ್ಯಾದ' ಅಂತ ಒಂದೇ ಮಾತು."

ಸಿಹಿಯಾದ ಹಣ್ಣು ತಿಂದು ಒಂದು ಮನೆಯವರೆಲ್ಲ ಕಂಗಾಲಾದದ್ದು ಜಗತ್ತಿನಲ್ಲಿ ಅದೊಂದೇ ಸಲ ಇರಬೇಕು.

ಮರುದಿನ ಅಂಗಡಿಯಲ್ಲಿ ಮಹಬೂಬ್ ಭಾಯಿ, ನಮ್ಮವರು ಚಹಾಕ್ಕೆಂದು ಎದ್ದಾಗ, ಇವರು 'ಪಾಸ್' ಮಾಡಿಟ್ಟ ಕಲ್ಲುಗಳನ್ನು ತಾವೇ ಒಮ್ಮೆ ಬಡಿದು ನೋಡಿದರಂತೆ. ಕಾಳಗಿಯ ಕಡೆಯ ಒಂದು ಮನೆಯ ಅಟ್ಟಕ್ಕೆ ಹೋಗಬೇಕಾದ ಕಲ್ಲುಗಳು. ಅವುಗಳಲ್ಲಿ ಒಡಕಿನವು ಸೇರಿಕೊಂಡಿದ್ದವು. ಪಕ್ಕಕ್ಕೆ ತೆಗೆದಿಟ್ಟದ್ದರಲ್ಲಿ ಗಟ್ಟಿ ಕಲ್ಲುಗಳಿದ್ದವು. ಅಟ್ಟದ ಕಲ್ಲೆಂದರೆ ತಲೆಯ ಮೇಲೆ ಇರುವಂಥದ್ದು. ಅದರ ಮೇಲೆ ಹಂಡೆ ಕೊಡ, ಕೆಳಗೆ ಅಡುಗೆ ಮಾಡುವ ಯಾವಳೋ ಹೆಣ್ಣುಮಗಳು. ಮಹಬೂಬ್ ಭಾಯಿ ಸದ್ದಿಲ್ಲದೆ ಕಲ್ಲುಗಳನ್ನು ಅದಲು ಬದಲು ಮಾಡಿ, ಸಂಜೆ ನನ್ನ ಹತ್ತಿರ ಬಂದರು.

"ಭಾಬಿ, ಕಿವಿ ಹೋಗ್ಯಾದ. ಅಂವಗ ಹೇಳಾಕ ನನಗ ಧೈರ್ಯ ಇಲ್ಲ. ನಿಮಗ ಅದಾ?"

ನನಗೂ ಇರಲಿಲ್ಲ. ಮೊದಲು ಪರೀಕ್ಷೆ ಮಾಡೋಣ ಎಂದೆ. ಹಣ್ಣನ್ನು ಕೊಯ್ಯದೆ ನೋಡುವ ಉಪಾಯಗಳು ಅಷ್ಟಿರುವಾಗ ಗಂಡನನ್ನು ನೋಯಿಸದೆ ನೋಡುವ ಒಂದಾದರೂ ಇರಬೇಡವೇ? ಅವರು ಪೇಪರ್ ಓದುತ್ತಿದ್ದಾಗ ಬೆನ್ನ ಹಿಂದೆ ನಿಂತು ನನ್ನ ಎಂದಿನ ದನಿಯಲ್ಲಿ, "ಹೋಳಿಗಿ ಮಾಡ್ಲೇನು?" ಎಂದೆ. ಉತ್ತರವಿಲ್ಲ. ಗಂಟಲನ್ನು ಹೊಟ್ಟೆಗಿಳಿಸಿ, ಗಂಡಸಿನ ದಪ್ಪ ದನಿಯಲ್ಲಿ ಅದನ್ನೇ ಹೇಳಿದೆ. "ಹೂಂ, ತುಪ್ಪ ಜಾಸ್ತಿ ಇರ್ಲಿ" ಎಂದರು. ಬಾಗಿಲಲ್ಲಿ ನಿಂತಿದ್ದ ಜ್ಯೋತಿ, "ಅತ್ತೀ, ನಿಮ್ಮ ಮೈಯಾಗ ಯಾರರೆ ಬಂದಾರೇನ್ರಿ?" ಎಂದು ಬೆಚ್ಚಿಬಿದ್ದಳು.

ಬಿಪಿ ತೋರಿಸುವ ನೆಪದಲ್ಲಿ ಕಲಬುರಗಿಯ ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ಇವರ ಬೆನ್ನ ಮೇಲೆ ಬೆರಳಿಟ್ಟು ಬೆರಳಿನಿಂದ ಬಡಿಯುತ್ತಿದ್ದರೆ ಇವರಿಗೆ ಬಹಳ ಗೌರವ ಬಂತು. ತನ್ನ ಕಸುಬಿನವನೇ ಸಿಕ್ಕನೆಂಬ ಹಾಗೆ. ಅದು ಸುಳ್ಳೂ ಅಲ್ಲ. ಎದೆ ಬಡಿದು ನೋಡುವ ಈ ವಿದ್ಯೆ ಯುರೋಪಿನಲ್ಲಿ ಶುರುವಾದದ್ದು ಒಬ್ಬ ಪಾನಶಾಲೆಯವನ ಮಗನಿಂದಂತೆ. ಅಪ್ಪ ಪೀಪಾಯಿ ಬಡಿದು ಎಷ್ಟು ಸರಕಿದೆ ಎಂದು ಹೇಳುವುದನ್ನು ಕಂಡವನು ದೊಡ್ಡವನಾಗಿ ಡಾಕ್ಟರಾದಾಗ ರೋಗಿಗಳನ್ನೂ ಹಾಗೆಯೇ ಬಡಿದನಂತೆ. ಎಲ್ಲೋ ಓದಿದ್ದೆ. ಪೀಪಾಯಿಯಿಂದ ಮನುಷ್ಯನಿಗೆ ಬಂದವನು ಗೆದ್ದ. ಕಲ್ಲಿನಿಂದ ಹಣ್ಣಿಗೆ ಬಂದವರು ನಮ್ಮ ಪಾಲಿಗೆ ಸಿಕ್ಕರು.

ಕಿವಿ ನೋಡಿದ ಡಾಕ್ಟರು ನನಗೆ ಬಿಡಿಸಿ ಹೇಳಿದರು. ವಯಸ್ಸಾದಾಗ ಮೊದಲು ಹೋಗುವುದು ಹೈ ಫ್ರೀಕ್ವೆನ್ಸಿ. ತೀಕ್ಷ್ಣ ದನಿಗಳೆಲ್ಲ ಹೋಗಿಬಿಡುತ್ತವೆ: ಗುಬ್ಬಿ, ಕುಕ್ಕರಿನ ಸೀಟಿ, ಹೆಂಡತಿ. ದಪ್ಪ ದನಿಗಳು ಉಳಿಯುತ್ತವೆ. ಠಣ್ ಹೋಗಿದೆ, ಡಬ್ ಉಳಿದಿದೆ. ಗಾಡಿಯ ಮುಂದೆ ಕೂತು ಬಡಿಯುವಾಗ ಕಾಯಿಗಳೆಲ್ಲ ಇವರ ಪಾಲಿಗೆ ಮೂಕವಾಗಿದ್ದವು, ಹಣ್ಣೊಂದೇ ಮಾತಾಡಿತು. ಅದನ್ನೇ ಎತ್ತಿಕೊಂಡು ಬಂದಿದ್ದರು, ಪಾಪ. ಕಿವಿ ಸರಿಯಿದ್ದಷ್ಟು ಕಾಲ ಸಪ್ಪೆ ತಂದವರು ಕಿವಿ ಕೆಟ್ಟ ವರ್ಷ ಸಕ್ಕರೆ ತಂದರು.

ಹಿಯರಿಂಗ್ ಏಡ್ ಬಂತು. ನೋಡಿದವರೇ, "ಇದು ಮುದುಕರಿಗಿ" ಎಂದು ಅಲ್ಮಾರಿಯಲ್ಲಿಟ್ಟರು. ನಾನು ಹೇಳಿದೆ, ಮಗ ಹೇಳಿದ. "ನಿಮ್ಮ ಮಾತು ಕೇಳಿಸೂದಿಲ್ಲ ಅಂತ ಯಾರು ಹೇಳಿದ್ರು? ನಾ ಕೇಳಂಗಿಲ್ಲ, ಅಷ್ಟೇ." ಇದು ಅವರ ಉತ್ತರ. ಯಾರು ಏನು ಅಂದರೂ ಗಂಭೀರವಾಗಿ ತಲೆಯಾಡಿಸಿ "ಹೂಂ" ಎನ್ನುವ ಅಭ್ಯಾಸ ಬೇರೆ ಮಾಡಿಕೊಂಡರು. ಅದರಿಂದ ಊರಲ್ಲಿ ಅವರ ತಿಳುವಳಿಕೆಯ ಬಗ್ಗೆ ಗೌರವ ಹೆಚ್ಚಾಯಿತು ಎಂಬುದೂ ನಿಜ.

ಅಂಗಡಿಯನ್ನು ಕಾಪಾಡಿದವರು ಮಹಬೂಬ್ ಭಾಯಿ. "ಶರಣು, ನೀ ಬಡಿ, ನಾ ಸುಮ್ಮ ಬಾಜೂಕ ಕುಂದರ್ತೀನಿ, ಮೊಣಕಾಲು ನೋಯಾಕತ್ಯಾದ" ಎಂದು ಕುರ್ಚಿ ಹಾಕಿಸಿಕೊಂಡರು. ಇವರು ಬಡಿಯುವುದು, ಅವರು ಕೇಳುವುದು. ಕಲ್ಲು ಒಡಕಾಗಿದ್ದರೆ ಅವರು ತಮ್ಮ ಬಿಳಿ ಗಡ್ಡವನ್ನು ಕೆರೆದುಕೊಳ್ಳುತ್ತಿದ್ದರು. ಇವರು ಆಕಾಶ ನೋಡುವವರ ಹಾಗೆ ನಟಿಸಿ, ಓರೆಗಣ್ಣಿನಿಂದ ಗಡ್ಡ ನೋಡಿ, ಸ್ವಲ್ಪ ಯೋಚಿಸಿದಂತೆ ಮಾಡಿ, "ಇದನ್ನ ಬಾಜೂಕ ಇಡ್ರೋ" ಎನ್ನುತ್ತಿದ್ದರು. ಇಬ್ಬರೂ ಆ ಬಗ್ಗೆ ಒಂದೇ ಒಂದು ಮಾತಾಡಲಿಲ್ಲ. ಒಂದು ಬೆಳಿಗ್ಗೆ ಮಹಬೂಬ್ ಭಾಯಿಗೆ ನಿಜವಾಗಿಯೂ ಗಡ್ಡ ತುರಿಸಿ, ಒಳ್ಳೆಯ ಕಲ್ಲುಗಳ ಒಂದು ಸಾಲೇ ಫೇಲಾಯಿತು ಎಂಬುದನ್ನು ಬಿಟ್ಟರೆ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು.

ಆದರೆ ಮೊಣಕಾಲಿನ ನೆಪ ನೆಪವಾಗಿ ಉಳಿಯಲಿಲ್ಲ. ಬಿಲ್ಕೀಸ್ ಆಪಾಗೂ ಓಡಾಡಲು ಆಗುತ್ತಿರಲಿಲ್ಲ. ಹೈದರಾಬಾದಿನ ಮಗಳು ಬಂದು ಇಬ್ಬರನ್ನೂ ತನ್ನ ಮನೆಗೆ ಕರೆದೊಯ್ಯುವುದೆಂದು ಗೊತ್ತಾಯಿತು. ನನಗೆ ನಿದ್ದೆ ಹಾರಿತು. ನಾಳೆಯಿಂದ ಅಂಗಡಿಯಲ್ಲಿ ಗಡ್ಡ ಕೆರೆದುಕೊಳ್ಳುವವರು ಯಾರು? ನನಗಂತೂ ಗಡ್ಡವಿಲ್ಲ. ಅವರು ಮಷೀನು ಹಾಕಿಕೊಳ್ಳದಿದ್ದರೆ ಎರಡೇ ದಾರಿ: ಸುತ್ತಿಗೆಯನ್ನು ಅವರ ಕೈಯಿಂದ ಕಸಿದುಕೊಳ್ಳಬೇಕು, ಇಲ್ಲವೆಂದರೆ ಯಾರದೋ ತಲೆಯ ಮೇಲೆ ಕಲ್ಲು ಬೀಳಬೇಕು. ಮೊದಲನೆಯದು ಅವರನ್ನು ಮುಗಿಸುತ್ತದೆ, ಎರಡನೆಯದು ಎಲ್ಲರನ್ನೂ. ಮಹಬೂಬ್ ಭಾಯಿಗೂ ಅದೇ ಚಿಂತೆ. ಹೊರಡುವ ಹಿಂದಿನ ದಿನ, "ಸ್ಟೇಷನ್‌ದಾಗ ಒಂದು ಮಾತು ಹೇಳಿ ನೋಡ್ತೀನಿ ಭಾಬಿ" ಎಂದರು.

ವಾಡಿ ಸ್ಟೇಷನ್ನಿಗೆ ನಾವಿಬ್ಬರೂ ಬೀಳ್ಕೊಡಲು ಹೋದೆವು. ಗದ್ದಲವೆಂದರೆ ಗದ್ದಲ. ಬೋಗಿಯೊಳಗೆ ಕೂತ ಮಹಬೂಬ್ ಭಾಯಿ ಇವರ ಕೈಯನ್ನು ಕಿಟಕಿಯ ಸರಳಿನ ನಡುವಿನಿಂದ ಹಿಡಿದುಕೊಂಡೇ ಇದ್ದರು. ಸಿಗ್ನಲ್ ಬಿತ್ತು. ರೈಲು ಅಲುಗಿದಾಗ ಒಂದು ಮಾತು ಹೇಳಿದರು, ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಇವರು ಗಂಭೀರವಾಗಿ ತಲೆಯಾಡಿಸಿದರು. ರೈಲು ಚಿತ್ತಾಪುರದ ಕಡೆ ಹೊರಟು ಕಣ್ಮರೆಯಾಯಿತು.

ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತುತ್ತಾ ಇವರು ನಿಂತರು. "ಏನಂದ ಅಂವಾ?" ಎಂದರು.

ಆ ಪ್ರಶ್ನೆಯನ್ನು ಅವರು ಕೇಳಿದ್ದು ಅದೇ ಮೊದಲು. ಯಾರ ಮಾತು ಎಷ್ಟೇ ತಪ್ಪಿಹೋದರೂ 'ಏನಂದರು' ಎಂದು ಕೇಳದ ಮನುಷ್ಯನಿಗೆ ಮಹಬೂಬನ ಮಾತನ್ನು ಕಳೆದುಕೊಳ್ಳುವುದು ಮಾತ್ರ ಆಗಲಿಲ್ಲ. ನನಗೆ ಅಳು ಬಂತು. ಆದರೂ ಸಿಸ್ಟರ್ ಅಗಥಾ ಮೆಚ್ಚದ ಒಂದು ಕೆಲಸ ಮಾಡಿದೆ: ಬ್ಲ್ಯಾಕ್‌ಮೇಲ್. ದಪ್ಪ ದನಿ ತೆಗೆದು ಹೇಳಿದೆ: "ಮಷೀನ್ ಹಾಕ್ಕೊಳ್ರಿ, ಹೇಳ್ತೀನಿ."

ಕೆಲವು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಒಂದು ಬೆಳಿಗ್ಗೆ ತಾವೇ ಅಲ್ಮಾರಿ ತೆಗೆದು, ಕಿವಿಗೆ ಹಾಕಿಕೊಂಡು, ನನ್ನ ಮುಂದೆ ಬಂದು ಕೂತು, "ಈಗ ಹೇಳು" ಎಂದರು. ಹೇಳಿದೆ. ಮಹಬೂಬ್ ಭಾಯಿ ಅಂದದ್ದು ಇಷ್ಟೇ: "ಶರಣು, ಫರಸಿಗಿ ಮಷೀನ್ ಹಾಕ್ಕೋ. ಹಣ್ಣಿಗಿ ತೆಗದಿಡು."

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ದಾಲ್ಚಾದ ಕಥೆಯನ್ನೂ ಹೇಳಬೇಕಾಯಿತು. "ಅಂದ್ರ... ಇಷ್ಟು ವರ್ಷ?" ಎಂದರು. "ಇಷ್ಟೂ ವರ್ಷ" ಎಂದೆ. ಕೂಡಲೇ ಹೈದರಾಬಾದಿಗೆ ಫೋನ್ ಹಚ್ಚಿ, "ಲೇ ಮಹಬೂಬ್ಯಾ, ದಿಲ್ ಥಂಡಾ ಆತು ಅಂತಿದ್ದೆಲ್ಲೋ!" ಎಂದು ಬೈದದ್ದು ಓಣಿಗೆಲ್ಲ ಕೇಳಿಸಿತು. ಬೈದು ಮುಗಿಸಿ, ಎದ್ದು, ಮಷೀನು ಹಾಕಿಕೊಂಡೇ ಅಂಗಡಿಗೆ ಹೋದರು. ಈಗಲೂ ಹೋಗುತ್ತಾರೆ.

ಮುಂದಿನ ರಂಜಾನ್ ಬರುವಷ್ಟರಲ್ಲಿ ಮಹಬೂಬ್ ಭಾಯಿ ಇರಲಿಲ್ಲ. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕಂಡದ್ದೇ ಕೊನೆ. ರೈಲು ಮೆಲ್ಲಗೆ ಸರಿಯುತ್ತಿದೆ. ಮಾತು ಹೇಳಿ ಮುಗಿಸಿದ ಮಹಬೂಬ್ ಭಾಯಿ, ಅದು ಈ ಮನುಷ್ಯನಿಗೆ ಕೇಳಿಸಿಲ್ಲವೆಂದು ಗೊತ್ತಾಗಿ, ನನ್ನತ್ತ ಕಣ್ಣು ಹೊಡೆದು, ಬೋಗಿಯವರೆಲ್ಲ ತಿರುಗಿ ನೋಡುವ ಹಾಗೆ ಗಡ್ಡ ಅಲ್ಲಾಡಿಸಿಕೊಂಡು ನಗುತ್ತಿದ್ದಾರೆ. ನಮ್ಮವರು ಇನ್ನೂ ಕಿಟಕಿಯ ಸರಳು ಬಿಡದೆ, ರೈಲಿನ ಜೊತೆಗೇ ಹೆಜ್ಜೆ ಹಾಕುತ್ತಾ, ಕೇಳಿಸದ ಆ ಮಾತಿಗೆ ಒಂದೇ ಸಮನೆ, "ಹೂಂ, ಹೂಂ, ಹಂಗೇ ಮಾಡ್ತೀನಿ, ನೀ ಚಿಂತಿ ಮಾಡಬ್ಯಾಡ" ಎನ್ನುತ್ತಿದ್ದಾರೆ.